ಒಂದೇ ರೋಗಾಣು, ಬಗೆಬಗೆಯ ಕುಷ್ಠ

ಕಂಕನಾಡಿ ಎಂದಾಕ್ಷಣ ನಮ್ಮ ಜಿಲ್ಲೆಯವರಿಗೆ ನೆನಪಾಗುವುದು ಫಾದರ್ ಮುಲ್ಲರ್ ಆಸ್ಪತ್ರೆ. ಜರ್ಮನಿಯಿಂದ ಬಂದ ಯೇಸುಸಭೆಯ ಧರ್ಮಗುರು ಆಗಸ್ಟಸ್ ಮುಲ್ಲರ್ 1880ರಲ್ಲಿ ಇಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ತೆರೆದರು. 1890ರಲ್ಲಿ ಕುಷ್ಠರೋಗಿಗಳಿಗೊಂದು ಆಶ್ರಯಧಾಮ ಆರಂಭಿಸಿದರು. ರೋಗಾಣುವನ್ನು ನಾರ್ವೆಯ ವೈದ್ಯ ಹ್ಯಾನ್ಸನ್ 1873ರಲ್ಲೇ ಗುರುತಿಸಿದ್ದರೂ ಅದನ್ನು ಕೊಲ್ಲುವ ಔಷಧ ಆಗ ಯಾರ ಬಳಿಯೂ ಇರಲಿಲ್ಲ.

ಈ ರೋಗದಲ್ಲಿ ಒಂದು ವಿಚಿತ್ರವಿದೆ. ರೋಗಾಣು ಒಂದೇ. ಆದರೂ ಒಬ್ಬರಿಗೆ ಸ್ಪರ್ಶಜ್ಞಾನವಿಲ್ಲದ ಒಂದೆರಡು ಮಚ್ಚೆ ಮಾತ್ರ. ಇನ್ನೊಬ್ಬರಿಗೆ ಮೈತುಂಬ ಹರಡಿ, ಕಿವಿ ದಪ್ಪವಾಗಿ, ಹುಬ್ಬು ಉದುರುತ್ತದೆ. ನೂರಕ್ಕೆ ಸುಮಾರು 95 ಮಂದಿಗಂತೂ ರೋಗವೇ ತಗಲುವುದಿಲ್ಲ. ಹೀಗೇಕೆ?

ನಮ್ಮ ದೇಹಕ್ಕೆ ಎರಡು ಕಾವಲು ಪಡೆಗಳಿವೆ. ಹುಟ್ಟಿನಿಂದಲೇ ಬಂದದ್ದು ಒಂದು: ಚರ್ಮ, ಮೂಗಿನ ಲೋಳೆಪೊರೆ, ರೋಗಾಣುಗಳನ್ನು ನುಂಗುವ ಭಕ್ಷಕ ಕಣಗಳು. ಇವು ಕೆಲವೇ ಗಂಟೆಗಳಲ್ಲಿ ಕೆಲಸಕ್ಕಿಳಿಯುತ್ತವೆ. ಎರಡನೆಯದು ಕಲಿತು ಗಳಿಸಿದ್ದು: ಟಿ ಮತ್ತು ಬಿ ಎಂಬ ಬಿಳಿಯ ರಕ್ತಕಣಗಳು. ಇವು ಸಿದ್ಧವಾಗಲು ದಿನಗಳೇ ಬೇಕು. ಆದರೆ ಶತ್ರುವನ್ನು ಗುರುತು ಹಿಡಿದು ನೆನಪಿಟ್ಟುಕೊಳ್ಳುತ್ತವೆ. ನವಜಾತ ಶಿಶುವಿಗೆ ಹಾಕಿಸುವ ಬಿ.ಸಿ.ಜಿ. ಲಸಿಕೆಯೂ ಈ ನೆನಪಿನ ಬಲದಿಂದಲೇ ಕುಷ್ಠದಿಂದ ಸ್ವಲ್ಪಮಟ್ಟಿಗೆ ರಕ್ಷಣೆ ಕೊಡುತ್ತದೆ.

ಮೊದಲ ಪಡೆ ಸೋತ ಮೇಲೆ ಎರಡನೆಯದು ಬರುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಅದು ಅಷ್ಟು ಸರಿಯಲ್ಲ. ಮೊದಲ ಪಡೆಯ ಕೆಲವು ಕಣಗಳು ರೋಗಾಣುವಿನ ತುಣುಕನ್ನು ಹೊತ್ತು ಹತ್ತಿರದ ದುಗ್ಧಗ್ರಂಥಿಗೆ ಹೋಗಿ ಟಿ ಕಣಗಳಿಗೆ ತೋರಿಸಬೇಕು. ಆಗಲೇ ಅವು ಎಚ್ಚರಗೊಳ್ಳುವುದು. ಕಾಲಿಗೆ ಮುಳ್ಳು ತಾಗಿ ಕೀವಾದಾಗ ತೊಡೆಸಂದಿನಲ್ಲಿ ಗಂಟು ಏಳುತ್ತದಲ್ಲ, ಅಲ್ಲಿ ನಡೆಯುವುದು ಇದೇ ಕೆಲಸ. ಎಚ್ಚೆತ್ತ ಟಿ ಕಣಗಳು ಮರಳಿ ಬಂದು ಇಂಟರ್‌ಫೆರಾನ್ ಎಂಬ ರಾಸಾಯನಿಕದ ಮೂಲಕ ಭಕ್ಷಕ ಕಣಗಳಿಗೆ ಬಲ ತುಂಬುತ್ತವೆ.

ಕುಷ್ಠದ ರೋಗಾಣು ಬಲು ಜಾಣ. ಭಕ್ಷಕ ಕಣ ಅದನ್ನು ನುಂಗುತ್ತದೆ, ಆದರೆ ಅರಗಿಸಿಕೊಳ್ಳಲಾರದು. ರೋಗಾಣು ಅದರ ಹೊಟ್ಟೆಯೊಳಗೇ ಸಂಸಾರ ಹೂಡುತ್ತದೆ. ಟಿ ಕಣಗಳ ಆದೇಶ ಸಕಾಲಕ್ಕೆ ತಲುಪಿದವರಲ್ಲಿ ರೋಗ ಒಂದೆರಡು ಮಚ್ಚೆಗಳಿಗೇ ನಿಲ್ಲುತ್ತದೆ. ತಲುಪದವರಲ್ಲಿ ಬಿ ಕಣಗಳು ಪ್ರತಿಕಾಯಗಳನ್ನು ಧಾರಾಳವಾಗಿ ತಯಾರಿಸುತ್ತವೆ, ಆದರೆ ಪ್ರತಿಕಾಯ ಜೀವಕೋಶದ ಒಳಹೊಕ್ಕು ಕಾದಲಾರದು. ರೋಗ ಮೈಯೆಲ್ಲ ಹರಡುತ್ತದೆ. 'ಶಕ್ತಿ ಹೆಚ್ಚಿಸುವ' ಟಾನಿಕ್ಕುಗಳ ಜಾಹೀರಾತು ನೋಡುವಾಗ ಇದನ್ನು ನೆನೆಯಿರಿ: ಕೊರತೆ ಶಕ್ತಿಯದಲ್ಲ, ಹೊಂದಾಣಿಕೆಯದು.

ಈಗ ಬಹು ಔಷಧ ಚಿಕಿತ್ಸೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಆರು ಅಥವಾ ಹನ್ನೆರಡು ತಿಂಗಳು ಸಾಕು. ಆದರೆ ಚಿಕಿತ್ಸೆಯ ನಡುವೆ, ಕೆಲವೊಮ್ಮೆ ಮುಗಿದ ಮೇಲೂ, ಮಚ್ಚೆಗಳು ಕೆಂಪಾಗಿ ಬಾತು, ಮೊಣಕೈಯ ನರ ನೋಯುವುದುಂಟು. ಔಷಧ ಒಗ್ಗಲಿಲ್ಲವೆಂದು ಮನೆಯವರು ಮಾತ್ರೆ ನಿಲ್ಲಿಸಿಬಿಡುತ್ತಾರೆ. ದೊಡ್ಡ ಅನಾಹುತವಾಗುವುದು ಇಲ್ಲೇ. ಇದು ಔಷಧದ ವಿಷವಲ್ಲ. ನರಗಳಲ್ಲಿರುವ ರೋಗಾಣುಗಳ ಮೇಲೆ, ಸತ್ತವುಗಳ ಚೂರುಗಳ ಮೇಲೂ, ದೇಹದ ಪಡೆ ಎರಗುವುದರಿಂದ ಬರುವ ಉರಿಯೂತ. ಮಾತ್ರೆ ಮುಂದುವರಿಸಿ, ಅದೇ ದಿನ ವೈದ್ಯರನ್ನು ಕಾಣಬೇಕು. ಅವರು ಸ್ಟೆರಾಯ್ಡ್ ಕೊಟ್ಟು ಈ ಕಾದಾಟವನ್ನು ತಗ್ಗಿಸುತ್ತಾರೆ. ತಡವಾದರೆ ಕೈಬೆರಳುಗಳು ಶಾಶ್ವತವಾಗಿ ಮಡಚಿಕೊಳ್ಳಬಹುದು.

ಬಿಳಿಚಿದ ಅಥವಾ ಕೆಂಪು ಮಚ್ಚೆಯ ಮೇಲೆ ಹತ್ತಿಯ ಎಳೆ ಸೋಕಿಸಿದರೂ ತಿಳಿಯದಿದ್ದರೆ ಪರೀಕ್ಷೆ ಮಾಡಿಸಿ. ನೋವಿಲ್ಲ, ತುರಿಕೆಯಿಲ್ಲ ಎಂದೇ ಜನ ಇದನ್ನು ಅಲಕ್ಷಿಸುವುದು. ಚಿಕಿತ್ಸೆ ಆರಂಭವಾದ ಮೇಲೆ ರೋಗ ಹರಡುವ ಭಯ ಬೇಗನೆ ದೂರವಾಗುತ್ತದೆ. ತಟ್ಟೆ, ಹಾಸಿಗೆ ಬೇರೆ ಮಾಡಬೇಕಾಗಿಲ್ಲ. ಮನೆಯ ಉಳಿದವರೂ ಒಮ್ಮೆ ಮೈ ತೋರಿಸಿಕೊಳ್ಳಲಿ. ಈ ರೋಗಾಣು ಇಬ್ಭಾಗವಾಗಲು ಸುಮಾರು ಎರಡು ವಾರ ಬೇಕು; ಹಾಗಾಗಿ ಲಕ್ಷಣ ಕಾಣಲು ಸರಾಸರಿ ಐದು ವರ್ಷ, ಕೆಲವರಲ್ಲಿ ಇಪ್ಪತ್ತು ವರ್ಷವೂ ಹಿಡಿಯುತ್ತದೆ.