ಅಗ್ಗದ್ದೇ ಅಪರೂಪ: ಮೊದಲ ಮುದ್ರಣ ಹುಡುಕುವವರಿಗೆ ಒಂಬತ್ತು ಸೂತ್ರ

ಟೋಲ್ಕಿನ್ ಬರೆದ ‘ದಿ ಹಾಬಿಟ್’ ಲಂಡನ್ನಿನಲ್ಲಿ ಹೊರಬಂದದ್ದು 1937ರ ಸೆಪ್ಟೆಂಬರಿನಲ್ಲಿ. ಮೊದಲ ಮುದ್ರಣ 1,500 ಪ್ರತಿ. ಇವತ್ತು ಅದರ ಒಂದು ಒಳ್ಳೆಯ ಪ್ರತಿಗೆ ಲಕ್ಷಗಟ್ಟಲೆ ರೂಪಾಯಿ. ಅದೇ ವರ್ಷದ ಅಕ್ಟೋಬರಿನಲ್ಲಿ, ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ತೀರಿಕೊಂಡರು. ಇಲಿಗಳನ್ನು ಕುಣಿಸಿ, ಕರಡಿಗಳನ್ನು ಮಾತಾಡಿಸಿದ ಅವರ ಮಕ್ಕಳ ಕತೆಗಳ ಮೊದಲ ಮುದ್ರಣಕ್ಕೆ ಅಂಥ ಪೇಟೆ ಇನ್ನೂ ಹುಟ್ಟಿಲ್ಲ. ಹಾಗಾಗಿ ಜೇಬು ಸಣ್ಣದಿದ್ದರೂ ನಡೆಯುತ್ತದೆ, ಕಣ್ಣು ಮಾತ್ರ ಚುರುಕಾಗಿರಬೇಕು.

1. ಒಂದೇ ದಾರಿ ಹಿಡಿಯಿರಿ
ಕಂಡದ್ದನ್ನೆಲ್ಲ ಕೊಂಡರೆ ಅಟ್ಟ ತುಂಬುತ್ತದೆ, ಸಂಗ್ರಹ ಆಗುವುದಿಲ್ಲ. ನಮ್ಮ ಕರಾವಳಿ ಕಡೆಯವರಿಗೆ ನಾಲ್ಕು ದಾರಿಗಳಿವೆ: ಪಂಜೆಯವರ ಮಕ್ಕಳ ಪುಸ್ತಕಗಳು, ನಂದಳಿಕೆಯ ಮುದ್ದಣನ ಕೃತಿಗಳು, ಯಕ್ಷಗಾನ ಪ್ರಸಂಗ ಪುಸ್ತಕಗಳು, ‘ಚಂದಮಾಮ’ದ ಹಳೆಯ ಸಂಚಿಕೆಗಳು. ಒಂದನ್ನು ಆರಿಸಿ, ಎರಡು ವರ್ಷ ಅದರಲ್ಲೇ ಇರಿ.

2. ಅಗ್ಗದ್ದನ್ನು ಹುಡುಕಿ
ಕಿಟ್ಟೆಲ್ ಅವರ 1894ರ ನಿಘಂಟು ದಪ್ಪ ರಟ್ಟಿನೊಳಗೆ, ಗ್ರಂಥಾಲಯದ ಕಪಾಟಿನಲ್ಲಿ ಬದುಕಿಕೊಂಡಿತು. ಆಣೆ ಲೆಕ್ಕದ ಮಕ್ಕಳ ಪುಸ್ತಕಕ್ಕೆ ಆ ಭಾಗ್ಯವಿಲ್ಲ. ಅದು ಅಣ್ಣನಿಂದ ತಂಗಿಗೆ, ತಂಗಿಯಿಂದ ಪಕ್ಕದ ಮನೆಗೆ ಹೋಗಿ ಹರಿದು ಮುಗಿಯುತ್ತದೆ. ಪ್ರಸಂಗ ಪುಸ್ತಕವೂ ಅಷ್ಟೆ: ಭಾಗವತರ ಬೆವರಿನ ಕೈಯಲ್ಲಿ ರಾತ್ರಿಯಿಡೀ ತಿರುವಿಹಾಕಿಸಿಕೊಂಡದ್ದು. ಹೆಚ್ಚು ಓದಿಸಿಕೊಂಡ ಪುಸ್ತಕವೇ ಮೊದಲು ಮಾಯವಾಗುತ್ತದೆ. ತೆಳ್ಳಗಿನ ಪುಸ್ತಕ ಕಂಡರೆ ಬಿಡಬೇಡಿ.

3. ಹೆಸರಿಲ್ಲದ್ದನ್ನೂ ತೆರೆದು ನೋಡಿ
ಪಂಜೆಯವರು ಪದ್ಯಕ್ಕೆ ‘ಕವಿಶಿಷ್ಯ’ ಎಂದು ಸಹಿ ಹಾಕಿದರು. ಮುದ್ದಣ ಇನ್ನೂ ಒಂದು ಹೆಜ್ಜೆ ಮುಂದೆ: ತಾನು ಬರೆದದ್ದನ್ನು ಹಳೆಯ ಕಾವ್ಯವೆಂದು ಹೇಳಿ ಮೈಸೂರಿಗೆ ಕಳಿಸಿದ. ಸಾವಿರ ತಲೆಯ ರಾವಣನನ್ನು ಸೀತೆಯೇ ಕೊಲ್ಲುವ ‘ಅದ್ಭುತ ರಾಮಾಯಣ’ ಅಲ್ಲಿ ಅಚ್ಚಾದದ್ದು 1895ರಲ್ಲಿ. ನಂದಳಿಕೆ ಲಕ್ಷ್ಮೀನಾರಣಪ್ಪ ಎಂಬ ಅವನ ನಿಜ ಹೆಸರನ್ನಷ್ಟೇ ಹುಡುಕುತ್ತ ಹೋದರೆ ನಿಜವಾದ ಮೊದಲ ಅಚ್ಚು ಕೈಯಲ್ಲಿದ್ದರೂ ಗುರುತು ಸಿಗದು.

4. ಪತ್ರಿಕೆಯನ್ನು ಮರೆಯಬೇಡಿ
‘ಅದ್ಭುತ ರಾಮಾಯಣ’ ಬಂದದ್ದು ‘ಕಾವ್ಯಮಂಜರಿ’ ಮಾಸಪತ್ರಿಕೆಯಲ್ಲಿ. ಪಂಜೆಯವರ ಆರಂಭದ ಕತೆಗಳು ಮಂಗಳೂರಿನ ‘ಸುವಾಸಿನಿ’ಯಲ್ಲಿ. ಕತೆಯ ಮೊದಲ ಅಚ್ಚು ಎಷ್ಟೋ ಸಲ ಪುಸ್ತಕವಲ್ಲ, ಒಂದು ಸಂಚಿಕೆ. ಗುಜರಿಯವನು ತೂಕಕ್ಕೆ ಹಾಕುವ ಮಾಸಿಕಗಳ ಕಟ್ಟನ್ನು ಬಿಚ್ಚಿಸಿ ನೋಡಿ. ಕನ್ನಡ ‘ಚಂದಮಾಮ’ ಶುರುವಾದದ್ದು 1949ರಲ್ಲಿ. ಎಂ.ಟಿ.ವಿ. ಆಚಾರ್ಯರ ಮುಖಚಿತ್ರ ಕಳಚದೆ ಉಳಿದ ಸಂಚಿಕೆ ಸಿಕ್ಕರೆ ಚೌಕಾಸಿ ಬೇಡ.

5. ಬೆಲೆ, ವಿಳಾಸ ನೋಡಿ ಕಾಲ ಹೇಳಿ
‘ಪ್ರಥಮ ಮುದ್ರಣ’ ಎಂದು ಅಚ್ಚಾಗಿದ್ದರೆ ಸರಿ. ಇಲ್ಲದಿದ್ದರೆ ಬೆಲೆ ನೋಡಿ. ಆಣೆ-ಪೈ ಇದ್ದರೆ ಸಾಮಾನ್ಯವಾಗಿ 1957ರ ಏಪ್ರಿಲಿಗೆ ಮೊದಲಿನದು. ‘ನಯೇ ಪೈಸೆ’ ಇದ್ದರೆ 1957–64ರ ನಡುವಿನದು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟಿನ ನಂತರದ್ದು; ಮೊದಲ ಪುಟ ಏನೇ ಹೇಳಲಿ, ನಂಬಬೇಡಿ. ಇಸವಿಯ ಬದಲು ಸಂವತ್ಸರ ಇದ್ದರೆ ಅರುವತ್ತರ ಲೆಕ್ಕ ಹಾಕಿ: ಪ್ರಭವ ಎಂದರೆ 1867, 1927 ಅಥವಾ 1987. ಯಾವುದೆಂದು ಬೆಲೆ ಮತ್ತು ಕಾಗದ ಹೇಳುತ್ತವೆ. ಈಚಿನ ಅನೇಕ ಇಂಗ್ಲಿಷ್ ಪುಸ್ತಕಗಳಲ್ಲಿ ಎಷ್ಟನೆಯ ಮುದ್ರಣವೆಂದು ತೋರಿಸುವ, 10ರಿಂದ 1ರವರೆಗಿನ ಅಂಕಿಸಾಲು ಇರುತ್ತದೆ. 1997ರ ಮೊದಲ ‘ಹ್ಯಾರಿ ಪಾಟರ್’ ಗುರುತಿಸುವವರು ಮೊದಲು ನೋಡುವುದು ಅದನ್ನೇ.

6. ಅಂಗಡಿಗಿಂತ ಚಾವಡಿ ಮೇಲು
ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಬಸ್ಸು ಹತ್ತಿ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಪುಸ್ತಕದ ಅಂಗಡಿಗಳಿಗೆ ಹೋಗುವ ಮೊದಲು ಊರಿನ ನಿವೃತ್ತ ಮೇಷ್ಟ್ರ ಮನೆಗೆ, ವೇಷ ಕಳಚಿ ಮನೆಯಲ್ಲಿರುವ ಹಿರಿಯ ಯಕ್ಷಗಾನ ಕಲಾವಿದರ ಮನೆಗೆ ಹೋಗಿ. ಪುಸ್ತಕದ ಸುದ್ದಿ ಮೊದಲೇ ಎತ್ತಬೇಡಿ. ಬೆಲ್ಲ-ನೀರು ಕುಡಿದು, ಆಟ-ಕೂಟದ ಮಾತಾಡಿ. ಹಳೆ ಮನೆ ಕೆಡವಿ ಟಾರಸಿ ಮನೆ ಕಟ್ಟುವ ಸುದ್ದಿ ಬಂದರೆ ಅವತ್ತೇ ಹೊರಡಿ. ಕೊಡುವವರಿಗೆ ಬೆಲೆ ಗೊತ್ತಿಲ್ಲವೆಂದು ಪುಕ್ಕಟೆ ಹೊತ್ತು ತರಬೇಡಿ. ನ್ಯಾಯವಾಗಿ ಕೊಟ್ಟವನಿಗೆ ಮುಂದಿನ ಮನೆಯ ವಿಳಾಸವೂ ಸಿಗುತ್ತದೆ.

7. ತಾಡೋಲೆ ಕಂಡರೆ ವ್ಯಾಪಾರ ಬೇಡ
ಮೂಡುಬಿದಿರೆ ಜೈನರ ಧವಲಾ ಗ್ರಂಥಗಳ ಓಲೆಪ್ರತಿಗಳನ್ನು ಶತಮಾನಗಳ ಕಾಲ ಕಾಪಾಡಿದ ಊರು. ಹುಡುಕುತ್ತ ಹೋದಾಗ ಓಲೆಕಟ್ಟು ಸಿಗುವುದು ಆಶ್ಚರ್ಯವಲ್ಲ. 1972ರ ಪುರಾವಸ್ತು ಕಾಯಿದೆಯ ಪ್ರಕಾರ 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಪುರಾವಸ್ತು. ಅದನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಮನೆಯವರಿಗೆ ಅದನ್ನು ಕಾಪಾಡುವ ಸಂಸ್ಥೆಯ ದಾರಿ ತೋರಿಸಿ. ತುಳು ಪಾಡ್ದನದ ಹಳೆಯ ಅಚ್ಚು ಸಿಕ್ಕಾಗಲೂ ಎಚ್ಚರ: ನಿಮಗದು ಅದ್ಭುತ ಕತೆ, ಆ ಮನೆಗೆ ದೈವದ ಚರಿತ್ರೆ.

8. ಮಳೆಗಾಲವನ್ನು ಗೆಲ್ಲಿ
ಇಲ್ಲಿನ ಆಟಿ ತಿಂಗಳು ಯಾವ ರಟ್ಟನ್ನೂ ಬಿಡುವುದಿಲ್ಲ. ಪುಸ್ತಕವನ್ನು ಗೋಡೆಗೆ ತಾಗಿಸಿ ಇಡಬೇಡಿ, ನೆಲಕ್ಕೆ ಇಡಲೇಬೇಡಿ. ಬೂಸ್ಟು ಗೋಡೆಯಿಂದ ಬರುತ್ತದೆ, ಒರಲೆ ನೆಲದಿಂದ. ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಹತ್ತಿಬಟ್ಟೆಯಲ್ಲಿ ಸುತ್ತಿ, ಬಜೆಯ ಚೂರು ಜೊತೆಗಿಡಿ. ಮಳೆ ಬಿಟ್ಟ ಮೇಲೆ ನೆರಳಲ್ಲಿ ಗಾಳಿಗೆ ಹಿಡಿಯಿರಿ, ಸುಡುಬಿಸಿಲಿಗೆ ಬೇಡ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ, ಹೊಸ ಬೈಂಡು ಹಾಕಿಸಬೇಡಿ. ಹಳೆಯ ಹೊದಿಕೆ ಹೋದರೆ ಅರ್ಧ ಮೌಲ್ಯ ಹೋದಂತೆ.

9. ಪಟ್ಟಿ ಬರೆಯಿರಿ, ವಾರಸುದಾರರನ್ನು ಗೊತ್ತುಮಾಡಿ
ಪ್ರತಿ ಪುಸ್ತಕಕ್ಕೂ ಎಲ್ಲಿ ಸಿಕ್ಕಿತು, ಯಾರ ಮನೆಯದು, ಯಾವ ಮುದ್ರಣ ಎಂದು ಬರೆದಿಡಿ. ಒಳಪುಟದ ಹಳೆಯ ಸಹಿ, ಶಾಲೆಯ ಮೊಹರು ಅಳಿಸಬೇಡಿ. ಪುಸ್ತಕ ಓದಿಸಿಕೊಂಡ ದಾರಿ ಅದರಲ್ಲಿದೆ. ಬರಹಗಾರ ತೀರಿಕೊಂಡು 60 ವರ್ಷ ಕಳೆದರೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಪಂಜೆಯವರದು ಎಂದೋ ಮುಗಿದಿದೆ. ಸ್ಕ್ಯಾನ್ ಮಾಡಿ ಹಂಚಲು ಅಡ್ಡಿಯಿಲ್ಲ. ಮನೆಯಲ್ಲಿ ಆಸಕ್ತರಿಲ್ಲದಿದ್ದರೆ ಬಿ.ಸಿ. ರೋಡಿನ ಸಂಚಯಗಿರಿಯ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಂಥ ಕಡೆ ಈಗಲೇ ವಿಚಾರಿಸಿಡಿ. ಪಟ್ಟಿ ಇಲ್ಲದ ಸಂಗ್ರಹ ನಿಮ್ಮ ನಂತರ ಮತ್ತೆ ಗುಜರಿಯವನ ತಕ್ಕಡಿಗೇ ಹೋಗುವುದು.