ಉದಾರವಾದಕ್ಕೆ ಫ್ಯಾಸಿಸ್ಟರ ಆಕ್ಷೇಪಣೆ: ಇಟಲಿಯ ಚರಿತ್ರೆಯಿಂದ ಒಂದು ಪಾಠ

ರಾಜ್ಯವಿರುವುದು ಪ್ರಜೆಗಾಗಿಯೋ, ಪ್ರಜೆಯಿರುವುದು ರಾಜ್ಯಕ್ಕಾಗಿಯೋ? ಲಾಕ್, ಮಿಲ್ ಮೊದಲಾದ ಚಿಂತಕರಿಂದ ಬೆಳೆದ ಉದಾರವಾದವು ಇದಕ್ಕೆ ಸ್ಪಷ್ಟವಾದ ಉತ್ತರ ಕೊಟ್ಟಿತು. ರಾಜ್ಯವಿರುವುದು ಪ್ರಜೆಗಾಗಿ, ಅದರ ಅಧಿಕಾರಕ್ಕೆ ಕಾನೂನಿನ ಮಿತಿಯಿರಬೇಕು, ಮಾತು, ಬರಹ, ಮತಧರ್ಮಗಳಲ್ಲಿ ವ್ಯಕ್ತಿಗೆ ಸ್ವಾತಂತ್ರ್ಯವಿರಬೇಕು ಎಂಬುದೇ ಅದರ ಸಾರ.

ಮೊದಲನೆಯ ಮಹಾಯುದ್ಧ (1914-18) ಮುಗಿದಾಗ ಇಟಲಿ ಗೆದ್ದವರ ಪಕ್ಷದಲ್ಲಿತ್ತು. ಆದರೂ ಬೆಲೆಯೇರಿಕೆ, ನಿರುದ್ಯೋಗ, ಮುಷ್ಕರಗಳಿಂದ ಜನ ಕಂಗೆಟ್ಟಿದ್ದರು. ಮಂತ್ರಿಮಂಡಲಗಳು ಒಂದರ ಹಿಂದೊಂದು ಉರುಳುತ್ತಿದ್ದವು. ಆಗ ಬೆನಿಟೊ ಮುಸೊಲಿನಿ ಮತ್ತು ಅವನ ಅನುಯಾಯಿಗಳು ಮೂರು ಆಕ್ಷೇಪಣೆಗಳನ್ನು ಎತ್ತಿದರು.

1. ಉದಾರವಾದವು ವ್ಯಕ್ತಿಯನ್ನು ಸ್ವಾರ್ಥಿಯನ್ನಾಗಿಸಿ ರಾಷ್ಟ್ರದ ಒಗ್ಗಟ್ಟನ್ನು ಮುರಿಯುತ್ತದೆ.
2. ಪಾರ್ಲಿಮೆಂಟು ಬರಿಯ ಮಾತಿನ ಮಂಟಪ. ತಲೆ ಎಣಿಸಿ ದೇಶವನ್ನಾಳಲಾಗದು.
3. ರಾಜ್ಯವೇ ಸರ್ವಸ್ವ, ಅದರ ಹೊರಗೆ ವ್ಯಕ್ತಿಗೆ ಬೆಲೆಯಿಲ್ಲ.

ಜನರ ಕಷ್ಟ ನಿಜವಾಗಿತ್ತು. ಆದುದರಿಂದಲೇ ಈ ಮಾತುಗಳು ಅನೇಕರಿಗೆ ರುಚಿಸಿದವು. ಆದರೆ ಔಷಧವು ರೋಗಕ್ಕಿಂತ ಘೋರವಾಯಿತು.

1922ರ ಅಕ್ಟೋಬರದಲ್ಲಿ ಮುಸೊಲಿನಿ ಪ್ರಧಾನಿಯಾದನು. ಶೇಕಡಾ 25 ಮತಗಳನ್ನಾದರೂ ಪಡೆದು ಮುಂದಿರುವ ಪಟ್ಟಿಗೆ ಮೂರರಲ್ಲಿ ಎರಡು ಪಾಲು ಸ್ಥಾನಗಳು ಎಂಬ ಕಾನೂನು 1923ರಲ್ಲಿ ಬಂತು. 1924ರ ಚುನಾವಣೆಯ ಅಕ್ರಮಗಳನ್ನು ಸಭೆಯಲ್ಲಿಯೇ ಖಂಡಿಸಿದ ಸಮಾಜವಾದಿ ಸದಸ್ಯ ಜಾಕೊಮೊ ಮಟ್ಟೆಯೊಟ್ಟಿಯನ್ನು ಕೆಲವೇ ದಿನಗಳಲ್ಲಿ ಅಪಹರಿಸಿ ಕೊಲ್ಲಲಾಯಿತು. 1926ರಲ್ಲಿ ವಿರೋಧ ಪಕ್ಷಗಳು ನಿಷೇಧಿಸಲ್ಪಟ್ಟವು. ಮುಷ್ಕರದ ಹಕ್ಕೂ ಹೋಯಿತು. 1938ರ ಜನಾಂಗ ಕಾನೂನುಗಳು ಯೆಹೂದಿ ಮಕ್ಕಳನ್ನು ಸರಕಾರಿ ಶಾಲೆಗಳಿಂದ ಹೊರಹಾಕಿದವು.

ಗಡಿನಾಡಿನಲ್ಲಿ ಕನ್ನಡದಲ್ಲಿ ಕಲಿಯುವ ನಾವು ಇನ್ನೊಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಯುದ್ಧದ ತರುವಾಯ ಇಟಲಿಗೆ ಸೇರಿದ ದಕ್ಷಿಣ ಟಿರೋಲಿನ ಬಹುಜನರ ಮಾತೃಭಾಷೆ ಜರ್ಮನ್. 1923ರ ಶಿಕ್ಷಣ ಕಾನೂನಿನಿಂದ ಅಲ್ಲಿನ ಜರ್ಮನ್ ಶಾಲೆಗಳು ತರಗತಿಯಿಂದ ತರಗತಿಗೆ ಇಟಾಲಿಯನ್ ಮಾಧ್ಯಮಕ್ಕೆ ಬದಲಾದವು. ರಾಷ್ಟ್ರವೆಲ್ಲ ಒಂದೇ ಆಗಬೇಕೆಂದ ಮೇಲೆ ಮಗುವಿನ ತಾಯ್ನುಡಿಗೆ ಎಡೆಯೆಲ್ಲಿ? ಆದರೂ ಕೆಲವು ಶಿಕ್ಷಕರು ಬಂಧನದ ಭಯವನ್ನು ಲೆಕ್ಕಿಸದೆ ಮನೆಗಳಲ್ಲಿ ಗುಟ್ಟಾಗಿ ಅಕ್ಷರ ಕಲಿಸಿದರು.

ಟೀಕಿಸುವವರ ಬಾಯಿ ಕಟ್ಟಿದಾಗ ತಪ್ಪನ್ನು ತಿದ್ದುವವರಿರುವುದಿಲ್ಲ. ಸಾಕಷ್ಟು ಸಿದ್ಧತೆಯಿಲ್ಲದೆ 1940ರಲ್ಲಿ ಯುದ್ಧಕ್ಕಿಳಿದ ಇಟಲಿ ಸೋತು ಬಸವಳಿಯಿತು. 1943ರ ಜುಲೈಯಲ್ಲಿ ಮುಸೊಲಿನಿ ಪದಚ್ಯುತನಾದನು. 1948ರಲ್ಲಿ ಜಾರಿಗೆ ಬಂದ ಗಣರಾಜ್ಯದ ಸಂವಿಧಾನವು ಭಾಷಾ ಅಲ್ಪಸಂಖ್ಯಾತರ ರಕ್ಷಣೆಯನ್ನು 6ನೆಯ ವಿಧಿಯಲ್ಲಿಯೇ ಹೇಳಿತು. ನಮ್ಮ ಸಂವಿಧಾನದ 30 ಮತ್ತು 350ಎ ವಿಧಿಗಳೂ ಅದೇ ಭಾವನೆಯವು.

ವಿದ್ಯಾರ್ಥಿ ಮಿತ್ರರೇ, ಪ್ರಜಾಪ್ರಭುತ್ವದಲ್ಲಿ ಕುಂದುಕೊರತೆಗಳಿಲ್ಲವೆಂದಲ್ಲ. ಅವನ್ನು ಎತ್ತಿ ಹೇಳುವ ಹಕ್ಕು ಅಲ್ಲಿದೆ. ತಿದ್ದುವ ದಾರಿಯೂ ಇದೆ. ಮನೆಯ ಮಾಡು ಸೋರಿದರೆ ಹಂಚು ಬದಲಿಸೋಣ. ಮನೆಗೇ ಬೆಂಕಿಯಿಡುವುದು ಜಾಣತನವಲ್ಲ.