ನಿವೃತ್ತಿ ಸೌಲಭ್ಯಗಳ ಮೇಲಿನ ತೆರಿಗೆ: ತಂತ್ರಾಂಶದ ಲೆಕ್ಕ ತಪ್ಪುವುದೆಲ್ಲಿ?

ಮಂಡ್ಯದ ಅಕ್ಕಿ ಗಿರಣಿಯಿರಲಿ, ಮದ್ದೂರು ತಾಲ್ಲೂಕಿನ ಸೋಮನಹಳ್ಳಿ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಯಿರಲಿ, ಮಳವಳ್ಳಿಯ ರೇಷ್ಮೆ ಘಟಕವಿರಲಿ, ವೇತನದ ಲೆಕ್ಕವನ್ನು ಗಣಕಯಂತ್ರಕ್ಕೆ ವಹಿಸಿ ನಿಶ್ಚಿಂತರಾಗಿರುವ ಮಾಲೀಕರು ಇಂದು ಕಡಿಮೆಯಿಲ್ಲ. ತಿಂಗಳ ಸಂಬಳದ ಮಟ್ಟಿಗೆ ಈ ನಿಶ್ಚಿಂತೆಗೆ ಆಧಾರವಿದೆ. ಒಂದು ತಿಂಗಳು ತಪ್ಪಿದರೆ ಮರುತಿಂಗಳೇ ನೌಕರನು ಬಂದು ಕೇಳುತ್ತಾನೆ, ತಪ್ಪು ಸರಿಹೋಗುತ್ತದೆ. ನಿವೃತ್ತಿಯ ಲೆಕ್ಕ ಹಾಗಲ್ಲ. ಅದು ಒಬ್ಬ ನೌಕರನ ಬಾಳಿನಲ್ಲಿ ಒಮ್ಮೆ ಬರುವಂಥದು. ಹತ್ತು ಹದಿನೈದು ಜನರಿರುವ ಉದ್ದಿಮೆಯಲ್ಲಿ ಹಲವು ವರ್ಷಗಳಿಗೊಮ್ಮೆ ಮಾತ್ರ ಅಂಥ ಸಂದರ್ಭ ಒದಗುತ್ತದೆ. ತಂತ್ರಾಂಶವನ್ನು ಕೊಂಡ ದಿನ ಯಾರೋ ತುಂಬಿಸಿಟ್ಟ ಮಾಹಿತಿಯೇ ಅಂದು ಲೆಕ್ಕವನ್ನು ನಿರ್ಧರಿಸುತ್ತದೆ, ಅದನ್ನು ಪರೀಕ್ಷಿಸಿದವರು ಯಾರೂ ಇರುವುದಿಲ್ಲ.

ಸರಕಾರದ ತಂತ್ರಾಂಶವೂ ತಪ್ಪುತ್ತದೆ ಎಂಬುದಕ್ಕೆ ನಿದರ್ಶನಗಳಿವೆ. 2021ರ ಜೂನ್ 7ರಂದು ಆದಾಯ ತೆರಿಗೆ ಇಲಾಖೆಯ ಹೊಸ ಜಾಲತಾಣ ಆರಂಭವಾಯಿತು. ಆ ವರ್ಷ ವಿವರಪಟ್ಟಿ ಸಲ್ಲಿಕೆಯ ಗಡುವನ್ನು ವಿಸ್ತರಿಸಿದ್ದರೂ, ಜುಲೈ 31 ದಾಟಿದವರಿಗೆ ತಂತ್ರಾಂಶವು ಬಡ್ಡಿಯನ್ನೂ ವಿಳಂಬ ಶುಲ್ಕವನ್ನೂ ಹಾಕಿತು. ತಪ್ಪನ್ನು ಆಗಸ್ಟ್ 1ರಂದೇ ಸರಿಪಡಿಸಲಾಗಿದೆ ಎಂದು ಇಲಾಖೆಯೇ ಅನಂತರ ಪ್ರಕಟಿಸಿತು. 2024ರ ಜುಲೈ 5ರಿಂದ ಇನ್ನೊಂದು ಬದಲಾವಣೆ ಬಂದಿತು. ವಿಶೇಷ ದರದ ಆದಾಯವುಳ್ಳವರು 87ಎ ಪ್ರಕರಣದ ರಿಯಾಯಿತಿಯನ್ನು ಕೇಳಲು ಆಗದಂತೆ ವಿವರಪಟ್ಟಿಯ ತಂತ್ರಾಂಶವನ್ನು ಮಾರ್ಪಡಿಸಲಾಯಿತು. ಚೇಂಬರ್ ಆಫ್ ಟ್ಯಾಕ್ಸ್ ಕನ್ಸಲ್ಟೆಂಟ್ಸ್ ಸಂಸ್ಥೆಯು ಬೊಂಬಾಯಿ ಉಚ್ಚ ನ್ಯಾಯಾಲಯದ ಮೊರೆಹೋಯಿತು. ರಿಯಾಯಿತಿ ಸಲ್ಲುವುದೋ ಇಲ್ಲವೋ ಎಂಬುದು ಅಧಿಕಾರಿಗಳು ನಿರ್ಧರಿಸಬೇಕಾದ ಪ್ರಶ್ನೆ, ಕೇಳಿಕೆಯನ್ನೇ ಹೊಸ್ತಿಲಲ್ಲಿ ತಡೆಯುವ ಅಧಿಕಾರ ತಂತ್ರಾಂಶಕ್ಕಿಲ್ಲ ಎಂಬ ಅಭಿಪ್ರಾಯವನ್ನು ನ್ಯಾಯಾಲಯವು 2025ರ ಜನವರಿಯಲ್ಲಿ ನೀಡಿತು. ನಿವೃತ್ತಿ ಸೌಲಭ್ಯಗಳಿಗೂ ಈ ತತ್ತ್ವ ಅನ್ವಯಿಸಬಲ್ಲದು. ಕಾನೂನು ಕೊಟ್ಟ ವಿನಾಯಿತಿ ಯಂತ್ರದ ಪರದೆಯ ಮೇಲೆ ಕಾಣಲಿಲ್ಲವೆಂದ ಮಾತ್ರಕ್ಕೆ ಅದು ಇಲ್ಲವಾಗುವುದಿಲ್ಲ.

ಮೊದಲು ಗ್ರಾಚ್ಯುಟಿ ಎಂದು ಎಲ್ಲರೂ ಕರೆಯುವ ಉಪದಾನದ ವಿಷಯ. ಸರಕಾರಿ ನೌಕರರಿಗೆ ಅದು ಪೂರ್ಣ ತೆರಿಗೆಮುಕ್ತ. ಖಾಸಗಿ ನೌಕರರಲ್ಲಿ ಎರಡು ವರ್ಗ. 1972ರ ಉಪದಾನ ಪಾವತಿ ಕಾಯ್ದೆಗೆ ಒಳಪಟ್ಟವರಿಗೆ ಕೊನೆಯ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ, ಸೇವಾ ವರ್ಷಗಳಿಂದ ಮತ್ತೆ ಗುಣಿಸಬೇಕು. ಆರು ತಿಂಗಳು ಮೀರಿದ ಭಾಗವನ್ನು ಪೂರ್ಣ ವರ್ಷವೆಂದು ಹಿಡಿಯಬೇಕು. ಕಾಯ್ದೆಗೆ ಒಳಪಡದವರಿಗೆ ಕೊನೆಯ ಹತ್ತು ತಿಂಗಳ ಸರಾಸರಿ ಸಂಬಳದ ಅರ್ಧ, ಅದೂ ಪೂರ್ಣಗೊಂಡ ವರ್ಷಗಳಿಗೆ ಮಾತ್ರ. ಇಬ್ಬರಿಗೂ ಮಿತಿ 2018ರ ಮಾರ್ಚ್ 29ರಿಂದ ರೂ. 20 ಲಕ್ಷ. ತಂತ್ರಾಂಶದಲ್ಲಿ ಈ ಎರಡು ವರ್ಗಗಳ ನಡುವೆ ಇರುವುದು ಒಂದು ಗುರುತು ಮಾತ್ರ. ಆ ಗುರುತು ತಪ್ಪಿದರೆ ಏನಾಗುವುದೆಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು.

ಮದ್ದೂರಿನ ಕಾರ್ಖಾನೆಯೊಂದರ ನೌಕರರೊಬ್ಬರು 27 ವರ್ಷ 8 ತಿಂಗಳ ಸೇವೆಯ ನಂತರ 2025ರ ಆಗಸ್ಟ್‌ನಲ್ಲಿ ನಿವೃತ್ತರಾದರೆಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ ರೂ. 26,000. ಕಾಯ್ದೆಯ ಸೂತ್ರದಂತೆ 15 ದಿನಗಳ ವೇತನ ರೂ. 15,000. ಸೇವೆ 28 ವರ್ಷವೆಂದಾಗಿ ಉಪದಾನ ರೂ. 4,20,000, ಅಷ್ಟೂ ತೆರಿಗೆಮುಕ್ತ. ಅದೇ ನೌಕರನನ್ನು ತಂತ್ರಾಂಶವು ಕಾಯ್ದೆಗೆ ಒಳಪಡದವನೆಂದು ಬಗೆದರೆ ರೂ. 13,000ವನ್ನು 27 ವರ್ಷಗಳಿಗೆ ಗುಣಿಸಿ ರೂ. 3,51,000ಕ್ಕೆ ಮಾತ್ರ ವಿನಾಯಿತಿ ಕೊಡುತ್ತದೆ. ಉಳಿದ ರೂ. 69,000 ತೆರಿಗೆಗೆ ಒಳಪಟ್ಟಂತೆ ತೋರುತ್ತದೆ.

ಅರವತ್ತೊಂಬತ್ತು ಸಾವಿರವೆಂದರೆ ದೊಡ್ಡ ಮೊತ್ತವಲ್ಲವೆಂದು ಕೆಲವರಿಗೆ ಅನಿಸಬಹುದು. ಆದರೆ 2025-26ರ ಆರ್ಥಿಕ ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ ರೂ. 12 ಲಕ್ಷದವರೆಗಿನ ಒಟ್ಟು ಆದಾಯಕ್ಕೆ ರಿಯಾಯಿತಿಯ ಮೂಲಕ ತೆರಿಗೆ ಶೂನ್ಯವಾಗುತ್ತದೆ. ಸಂಬಳ, ಮನೆ ಬಾಡಿಗೆ, ಬಡ್ಡಿ ಎಲ್ಲವೂ ಸೇರಿ ಕಡಿತಗಳ ನಂತರ ಆ ನೌಕರನ ಆದಾಯ ರೂ. 11,80,000 ಇದ್ದಿದ್ದರೆ ಆತ ಒಂದು ರೂಪಾಯಿಯನ್ನೂ ಕಟ್ಟಬೇಕಿರಲಿಲ್ಲ. ತಪ್ಪಾಗಿ ಸೇರಿದ ಮೊತ್ತದಿಂದ ಆದಾಯ ರೂ. 12,49,000 ಆಗುತ್ತದೆ. ಗಡಿ ಪರಿಹಾರವನ್ನು ಕೊಟ್ಟ ಮೇಲೂ ತೆರಿಗೆ ರೂ. 49,000, ಶೇ. 4ರ ಸೆಸ್ ಸೇರಿ ರೂ. 50,960. ಒಂದು ತಪ್ಪು ಗುರುತಿನ ಬೆಲೆ ಇದು.

ಗುರುತು ತಪ್ಪುವುದಕ್ಕೆ ಕಾರಣವೂ ಸಾಮಾನ್ಯವಾದುದೇ. ಕಾರ್ಖಾನೆಗಳಿಗೆ ಹಾಗೂ ಹತ್ತು ಅಥವಾ ಹೆಚ್ಚು ಜನರಿರುವ ಅಂಗಡಿ, ಸಂಸ್ಥೆಗಳಿಗೆ ಕಾಯ್ದೆ ಅನ್ವಯಿಸುತ್ತಿತ್ತು. ಹಿಂದೆ ಹನ್ನೆರಡು ಜನರಿದ್ದ ಮಂಡಿಯಲ್ಲಿ ಇಂದು ಏಳು ಜನರಿದ್ದರೆ ತಂತ್ರಾಂಶವು ಇಂದಿನ ಸಂಖ್ಯೆಯನ್ನಷ್ಟೇ ನೋಡುತ್ತದೆ. ಆದರೆ ಒಮ್ಮೆ ಅನ್ವಯವಾದ ಕಾಯ್ದೆ ಸಂಖ್ಯೆ ಇಳಿದರೂ ಮುಂದುವರಿಯುತ್ತದೆಂದು 1972ರ ಕಾಯ್ದೆಯೇ ಹೇಳಿತ್ತು. ಈ ಅಂಶ ಮಾಲೀಕರಿಗೇ ಮರೆತಿರುವಾಗ ಯಂತ್ರಕ್ಕೆ ತಿಳಿಯುವ ಬಗೆ ಹೇಗೆ?

ಋತುಮಾನದ ಉದ್ದಿಮೆಗಳು ಈ ಭಾಗದ ವಿಶೇಷ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಆರಂಭವಾದಂದಿನಿಂದ ಕಬ್ಬು ನುರಿಯುವ ಹಂಗಾಮಿನ ಕೆಲಸಗಾರ ಎಂಬ ವರ್ಗ ಇಲ್ಲಿ ಪರಿಚಿತ. ವರ್ಷಪೂರ್ತಿ ಕೆಲಸವಿಲ್ಲದ ಇಂಥವರಿಗೆ ಪ್ರತಿ ಹಂಗಾಮಿಗೆ ಏಳು ದಿನಗಳ ವೇತನದಂತೆ ಉಪದಾನ. ತಿಂಗಳಿಗೆ ರೂ. 15,600 ವೇತನವಿದ್ದರೆ ದಿನಕ್ಕೆ ರೂ. 600, ಹಂಗಾಮಿಗೆ ರೂ. 4,200, ಹದಿನೆಂಟು ಹಂಗಾಮುಗಳಿಗೆ ರೂ. 75,600. ಹಂಗಾಮಿನ ಅಂಕಣವೇ ಇಲ್ಲದ ತಂತ್ರಾಂಶ 15 ದಿನಗಳ ಲೆಕ್ಕದಲ್ಲಿ ರೂ. 1,62,000 ಎನ್ನುತ್ತದೆ. ಮಾಲೀಕನು ಉದಾರವಾಗಿ ಅಷ್ಟನ್ನೂ ಕೊಟ್ಟರೆ ಅದು ಅವನ ಇಷ್ಟ. ತೆರಿಗೆ ವಿನಾಯಿತಿ ಮಾತ್ರ ಸೂತ್ರದ ಮೊತ್ತಕ್ಕೇ ಸೀಮಿತ.

2025ರ ನವೆಂಬರ್ 21ರಂದು 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು 1972ರ ಕಾಯ್ದೆಯ ಸ್ಥಾನವನ್ನು ಪಡೆಯಿತು. ಹದಿನೈದು ದಿನಗಳ ಸೂತ್ರ ಉಳಿದಿದೆ, ಬದಲಾದುದು ವೇತನದ ವ್ಯಾಖ್ಯೆ. ಹೊರಗಿಡಬಹುದಾದ ಭತ್ಯೆಗಳು ಒಟ್ಟು ಪ್ರತಿಫಲದ ಅರ್ಧವನ್ನು ಮೀರಿದರೆ ಮೀರಿದ ಭಾಗ ವೇತನಕ್ಕೆ ಸೇರುತ್ತದೆ. ಒಟ್ಟು ರೂ. 40,000ದಲ್ಲಿ ಮೂಲವೇತನ, ತುಟ್ಟಿಭತ್ಯೆ ರೂ. 14,000, ಅಂಥ ಭತ್ಯೆಗಳು ರೂ. 26,000 ಇದ್ದರೆ, ರೂ. 6,000 ಸೇರಿ ವೇತನ ರೂ. 20,000 ಆಗುತ್ತದೆ. ವರ್ಷಕ್ಕೆ ಸುಮಾರು ರೂ. 8,077 ಇದ್ದ ಉಪದಾನ ರೂ. 11,538ಕ್ಕೆ ಏರುತ್ತದೆ. ನಿಗದಿತ ಅವಧಿಯ ನೌಕರನಿಗೆ ಐದು ವರ್ಷ ಕಾಯದೆ ಒಂದು ವರ್ಷದ ಸೇವೆಗೇ ಹಕ್ಕು ಬರುತ್ತದೆ. ಹಳೆಯ ಆವೃತ್ತಿಯ ತಂತ್ರಾಂಶಕ್ಕೆ ಈ ಎರಡೂ ಗೊತ್ತಿರುವುದಿಲ್ಲ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯೂ 2026ರ ಏಪ್ರಿಲ್ 1ರಿಂದ ಅನ್ವಯವಾಗುವುದರಿಂದ ವಿನಾಯಿತಿಯ ಪ್ರಕರಣ ಸಂಖ್ಯೆಗಳೂ ಬೇರೆಯಾಗುತ್ತವೆ. 10(10), 10(10ಎಎ) ಎಂಬ ಹಳೆಯ ಸಂಕೇತಗಳನ್ನೇ ನೆಚ್ಚಿದ ಕೋಷ್ಟಕಗಳನ್ನು ಬದಲಾಯಿಸಬೇಕಾಗುತ್ತದೆ.

ರಜೆ ನಗದೀಕರಣದ ತಪ್ಪುಗಳು ಎರಡು ದಿಕ್ಕಿನವು. ಖಾಸಗಿ ನೌಕರರಿಗೆ ದೀರ್ಘಕಾಲ ರೂ. 3 ಲಕ್ಷವಿದ್ದ ಮಿತಿಯನ್ನು 2023ರ ಮೇ ತಿಂಗಳ ಅಧಿಸೂಚನೆಯು ಅದೇ ವರ್ಷದ ಏಪ್ರಿಲ್ 1ರಿಂದ ರೂ. 25 ಲಕ್ಷಕ್ಕೆ ಏರಿಸಿತು. ಮಿತಿಯೊಂದನ್ನೇ ನೋಡಿದರೆ ಸಾಲದು. ಪಡೆದ ಮೊತ್ತ, ಹತ್ತು ತಿಂಗಳ ಸರಾಸರಿ ಸಂಬಳ, ವರ್ಷಕ್ಕೆ 30 ದಿನ ಮೀರದಂತೆ ಎಣಿಸಿದ ಉಳಿಕೆ ರಜೆಯ ಮೌಲ್ಯ, ಮತ್ತು ಮಿತಿ, ಈ ನಾಲ್ಕರಲ್ಲಿ ಕನಿಷ್ಠವಾದುದಕ್ಕೇ ವಿನಾಯಿತಿ. 24 ವರ್ಷ ಸೇವೆ, ವರ್ಷಕ್ಕೆ 32 ದಿನ ಗಳಿಕೆ ರಜೆ, ಬಳಸಿದ್ದು 480 ದಿನ, ಸರಾಸರಿ ಸಂಬಳ ರೂ. 40,000 ಎಂದು ಭಾವಿಸಿದರೆ ಸಂಸ್ಥೆ ಕೊಡುವುದು 288 ದಿನಗಳಿಗೆ ರೂ. 3,84,000. ಕಾನೂನು ಒಪ್ಪುವುದು 240 ದಿನಗಳಿಗೆ ರೂ. 3,20,000, ತೆರಿಗೆಗೆ ಸೇರುವುದು ರೂ. 64,000. ಹಳೆಯ ಮಿತಿಯ ತಂತ್ರಾಂಶ ರೂ. 84,000 ಎನ್ನುತ್ತದೆ, ನೌಕರನಿಗೆ ನಷ್ಟ. ಮಿತಿಯನ್ನು ತಿದ್ದಿ 30 ದಿನಗಳ ನಿಯಮವನ್ನು ಬಿಟ್ಟ ತಂತ್ರಾಂಶ ಶೂನ್ಯ ಎನ್ನುತ್ತದೆ. ಆಗ ಮೂಲದಲ್ಲಿ ತೆರಿಗೆ ಕಡಿಯದಿದ್ದುದಕ್ಕೆ ತಿಂಗಳಿಗೆ ಶೇ. 1ರ ಬಡ್ಡಿ ಮಾಲೀಕನ ಮೇಲೆ ಬೀಳುತ್ತದೆ. ಸೇವೆಯಲ್ಲಿರುವಾಗಲೇ ವರ್ಷವರ್ಷ ಕೊಡುವ ರಜೆಯ ಹಣಕ್ಕೆ ಈ ವಿನಾಯಿತಿ ಇಲ್ಲವೇ ಇಲ್ಲ. ಎರಡಕ್ಕೂ ಒಂದೇ ಸಂಕೇತ ಬಳಸುವ ರೂಢಿಯಿಂದ ಅಲ್ಲಿಯೂ ಗೊಂದಲ.

ಉಪದಾನದ 20 ಲಕ್ಷವೂ ರಜೆಯ 25 ಲಕ್ಷವೂ ಇಡೀ ಜೀವಿತಕ್ಕೆ ಸೇರಿದ ಮಿತಿಗಳು. ಹಿಂದಿನ ಮಾಲೀಕರಿಂದ ಪಡೆದ ವಿನಾಯಿತಿಯನ್ನು ನೌಕರನಿಂದಲೇ ಬರೆಸಿಕೊಳ್ಳಬೇಕು. ಭವಿಷ್ಯನಿಧಿಯಲ್ಲಿ ಐದು ವರ್ಷ ತುಂಬುವ ಮೊದಲು ಹಿಂಪಡೆದ ಹಣಕ್ಕೆ ತೆರಿಗೆಯಿದ್ದರೂ, ಖಾತೆ ವರ್ಗಾವಣೆಯಾಗಿದ್ದರೆ ಹಿಂದಿನ ಸೇವೆಯೂ ಎಣಿಕೆಗೆ ಬರುತ್ತದೆ. ಪಾಲುದಾರಿಕೆ ಸಂಸ್ಥೆಗಳವರು ಇನ್ನೊಂದನ್ನು ಗಮನಿಸಬೇಕು. ದುಡಿಯುವ ಪಾಲುದಾರ ನೌಕರನಲ್ಲ. ಅವನ ಸಂಬಳ ವ್ಯಾಪಾರದ ಆದಾಯ. ಅವನ ಹೆಸರನ್ನು ವೇತನಪಟ್ಟಿಗೆ ಸೇರಿಸಿ ಉಪದಾನದ ವಿನಾಯಿತಿ ಕೊಡುವುದು ಸಲ್ಲದು.

ಮಾಲೀಕನ ಸ್ವಂತ ಲೆಕ್ಕದಲ್ಲಿಯೂ ಹೊಂಡವಿದೆ. ವರ್ಷಾಂತ್ಯದಲ್ಲಿ ತಂತ್ರಾಂಶ ತಾನಾಗಿಯೇ ಬರೆದಿಡುವ ಉಪದಾನದ ಮುಂಗಡ ಹಂಚಿಕೆ ಸಾಮಾನ್ಯವಾಗಿ ವೆಚ್ಚವೆಂದು ಸಲ್ಲುವುದಿಲ್ಲ. ಮಾನ್ಯತೆ ಪಡೆದ ಉಪದಾನ ನಿಧಿಗೆ ಕಟ್ಟಿದ ವಂತಿಗೆ ಅಥವಾ ಆ ವರ್ಷ ನಿಜವಾಗಿ ಕೊಡಬೇಕಾಗಿ ಬಂದ ಮೊತ್ತ ಮಾತ್ರ ಸಲ್ಲುತ್ತದೆ. ರಜೆಯ ಹಣ ಪಾವತಿಯಾದ ವರ್ಷವೇ ವೆಚ್ಚ. ಆ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಎತ್ತಿಹಿಡಿಯಿತು. ಕರ್ನಾಟಕ ಸರಕಾರ 2024ರ ಜನವರಿಯಲ್ಲಿ ಕಡ್ಡಾಯ ಉಪದಾನ ವಿಮಾ ನಿಯಮಗಳನ್ನು ಪ್ರಕಟಿಸಿತ್ತು. ವಿಮೆಯ ಹಣ ನೇರವಾಗಿ ನೌಕರನಿಗೆ ಸಂದಾಯವಾಗಿದ್ದರೆ ವೇತನದ ತಂತ್ರಾಂಶಕ್ಕೆ ಅದರ ಸುಳಿವೇ ಇರುವುದಿಲ್ಲ, ಕೈಯಿಂದಲೇ ನಮೂದಿಸಬೇಕು.

ತಪ್ಪು ಕಂಡಾಗ ಸಮಯ ಮುಖ್ಯ. ದುಡಿಯುವ ನೌಕರನಿಂದ ಹೆಚ್ಚು ಕಡಿದ ತೆರಿಗೆಯನ್ನು ಆ ವರ್ಷದ ಉಳಿದ ತಿಂಗಳುಗಳ ಸಂಬಳದಲ್ಲಿ ಸರಿದೂಗಿಸಬಹುದು. ನಿವೃತ್ತನಿಗೆ ಮುಂದಿನ ತಿಂಗಳ ಸಂಬಳವೇ ಇಲ್ಲ. ಆದ್ದರಿಂದ ಅಂತಿಮ ಪಾವತಿಗೆ ಮೊದಲೇ ಸೇರಿದ ದಿನಾಂಕ, ಕೊನೆಯ ವೇತನ, ಅನ್ವಯವಾಗುವ ವರ್ಗ, ಉಳಿದ ರಜೆ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕೈಲೆಕ್ಕ ಹಾಕಿ, ಲೆಕ್ಕಪರಿಶೋಧಕರ ಸಹಿ ಪಡೆದು ನೌಕರನಿಗೂ ಒಂದು ಪ್ರತಿ ಕೊಡುವುದು ಲೇಸು. ಪಾವತಿಯ ನಂತರ ತಿಳಿದುಬಂದರೆ ಮಾಲೀಕನು ತೆರಿಗೆ ಕಡಿತದ ತ್ರೈಮಾಸಿಕ ವಿವರಪಟ್ಟಿಯನ್ನು ತಿದ್ದಿ ಸಲ್ಲಿಸಿ ಹೊಸ ಪ್ರಮಾಣಪತ್ರ ಕೊಡಬೇಕು. ಪ್ರಮಾಣಪತ್ರ ತಿದ್ದದಿದ್ದರೂ ನೌಕರನು ತನ್ನ ವಿವರಪಟ್ಟಿಯಲ್ಲಿ ವಿನಾಯಿತಿಯನ್ನು ಕೇಳಬಹುದು. ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರವು ವ್ಯತ್ಯಾಸವನ್ನು ಗುರುತಿಸಿ ಆದಾಯಕ್ಕೆ ಸೇರಿಸುವುದಾಗಿ ಸೂಚನೆ ಕಳುಹಿಸಿದರೆ ಉತ್ತರಕ್ಕೆ 30 ದಿನಗಳ ಅವಕಾಶವಿದೆ. ಆ ಹಾಳೆ ಉಪಯೋಗಕ್ಕೆ ಬರುವುದು ಆಗಲೇ. ಅದೂ ತಪ್ಪಿ ಆದೇಶ ಹೊರಬಿದ್ದಿದ್ದರೆ, 1961ರ ಕಾಯ್ದೆಯ 154ನೇ ಪ್ರಕರಣದಡಿ ಆದೇಶವಾದ ಆರ್ಥಿಕ ವರ್ಷದ ಕೊನೆಯಿಂದ ನಾಲ್ಕು ವರ್ಷಗಳೊಳಗೆ ತಿದ್ದುಪಡಿಯನ್ನು ಕೋರಬಹುದು.